ಉಗುಳುವ ಲೋಟ

ಕೆಂಪು, ಮತ್ತೆ ಕೆಂಪು, ಮಾಂಸದ ಬಣ್ಣ ಕಾಣಬಾರದೆಂದು ಹಾಕುವ ಈ ದೀಪದ ಕೆಳಗೆ ನನ್ನ ಅಂಗೈ ಕೂಡ ಬೆಂದಿದೆಯೋ ಹಸಿಯಿದೆಯೋ ಹೇಳುವ ಹಾಗಿಲ್ಲ, ಎಡಕ್ಕೆ ಗೋಡೆ, ಬಲಕ್ಕೆ ಗೋಡೆ, ಮೊಣಕೈ ಎತ್ತಿದರೆ ತಗಲುತ್ತದೆ, ಎದುರಿನ ಗೋಡೆಯಲ್ಲೊಂದು ಕಿಂಡಿ, ಕಿಂಡಿಯ ಮುಚ್ಚಳ ಮೇಲೆದ್ದರೆ ಒಂದು ಕೈ, ಕೈಯಲ್ಲೊಂದು ಬಟ್ಟಲು, ಬಟ್ಟಲಲ್ಲಿ ಒಂದೇ ಒಂದು ತುಂಡು ಮಾಂಸ, ಬೆಕ್ಕಿಗೂ ಇದಕ್ಕಿಂತ ಹೆಚ್ಚು ಹಾಕುತ್ತಾರೆ. ಅಗಿ, ನಾಲಿಗೆ ಮೇಲೆ ಹೊರಳಿಸು, ಲೋಟಕ್ಕೆ ಉಗುಳು, ಬಾಯಿ ಮುಕ್ಕಳಿಸು, ಬರೆ. ದುಡಿಯುವ ತಂದೆತಾಯಿಗಳಿಗೆಂದೇ ಮಾಂಸದ ಪೊಟ್ಟಣ ಮಾಡುವ ಕಾರ್ಖಾನೆಯಲ್ಲಿ ರುಚಿ ನೋಡುವವಳು ನಾನು, ಕೇಳಿದವರೆಲ್ಲ ಬಾಯಿ ಚಪ್ಪರಿಸುತ್ತಾರೆ, ಅಯ್ಯೋ ಎಂಥ ಪುಣ್ಯ ಮಾಡಿದ್ರಿ, ತಿನ್ನೋದಕ್ಕೂ ಸಂಬಳ ಕೊಡ್ತಾರಾ — ತಿನ್ನುವುದು ಎಲ್ಲಿ ಬಂತು, ನುಂಗಿದರೆ ಹೊರಗೆ ಕಳಿಸುತ್ತಾರೆ, ಹೊಟ್ಟೆ ತುಂಬಿದ ನಾಲಿಗೆ ಸುಳ್ಳು ಹೇಳತ್ತೆ ಅನ್ನುತ್ತಾರೆ ಮೇಲ್ವಿಚಾರಕಿ, ಸದಾ ಹರಳೆಣ್ಣೆ ಕುಡಿದ ಮುಖ, ಅದಕ್ಕೇ ನಾವು ಹಿಂದಿನಿಂದ ಹರಳೆಣ್ಣೆ ಮೇಡಂ ಅಂತಲೇ ಕರೆಯುವುದು, ಈಗ ಕಿಂಡಿಯ ಆಚೆ ಬಟ್ಟಲು ಜೋಡಿಸುತ್ತಿರುವುದೂ ಅವರೇ, ಸದ್ದು ಕೇಳುತ್ತಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳುವವರನ್ನು ನೋಡಿದ್ದೇನೆ, ನನ್ನದು ಅದಕ್ಕೂ ಒಂದು ಹೆಜ್ಜೆ ಮುಂದೆ, ಬಾಯಿಗೆ ಬಂದದ್ದು ಗಂಟಲಿಗೆ ಬರುವುದಿಲ್ಲ, ಇಷ್ಟು ವರ್ಷ ಉಗುಳಿ ಉಗುಳಿ ಬಾಯಿಗೆ ಇದು ಕಾರ್ಖಾನೆ ಇದು ಮನೆ ಎನ್ನುವ ಭೇದವೇ ಹೊರಟುಹೋಗಿದೆ.

ಆ ಭಾನುವಾರವೂ ಹಾಗೇ ಆಯಿತಲ್ಲ. ನಮ್ಮವರು ಬಸ್ ಡ್ರೈವರು, ನಾನು ಒಳಗೆ ಬರುವ ಹೊತ್ತಿಗೆ ಅವರು ಚಪ್ಪಲಿ ಮೆಟ್ಟಿಕೊಂಡಿರುತ್ತಾರೆ, ಬಾಗಿಲಲ್ಲೇ ಸಂಸಾರ, ಬೀಗದಕೈ ಅವರ ಕೈಯಿಂದ ನನ್ನ ಕೈಗೆ, ಫ್ರೀಜರ್ ತುಂಬ ನಮ್ಮ ಕಾರ್ಖಾನೆಯದೇ ಪೊಟ್ಟಣ, ಕತ್ತರಿಸಿ, ಬಿಸಿ ಮಾಡಿ, ಬಡಿಸಿ ಎಂದು ದೊಡ್ಡಕ್ಷರದಲ್ಲಿ, ಮನೆಯಲ್ಲಿ ಯಾರಿರುತ್ತಾರೋ ಅವರು ಒಂದನ್ನು ಕತ್ತರಿಸಿ ಬಿಸಿ ಮಾಡಿ ಮಗಳ ಮುಂದಿಡುವುದು. ಅಂಥದರಲ್ಲಿ ಇಬ್ಬರಿಗೂ ಒಂದೇ ದಿನ ರಜೆ, ಸೂರ್ಯ ಯಾವ ಕಡೆ ಹುಟ್ಟಿದ್ದನೋ ಏನೋ, ಇವತ್ತು ಪೊಟ್ಟಣದ ಮುಖ ನೋಡೋದು ಬೇಡ ಕಣೇ, ನಾನೇ ಮಾಡ್ತೀನಿ, ನೀನು ಸುಮ್ನೆ ಕೂತ್ಕೋ, ಎಂದು ತೋಳು ಮಡಚಿ ನಿಂತರು, ಎಲುಬಿರುವ ಮಾಂಸ ತಾವೇ ಹೋಗಿ ಆರಿಸಿ ತಂದಿದ್ದರು, ಈರುಳ್ಳಿ ಹೆಚ್ಚಿ ಅತ್ತರು, ಮಗಳು ಅವರ ಕಣ್ಣೀರು ಒರೆಸಿ ನಕ್ಕಳು, ಬಸ್ಸಿನಲ್ಲಿ ಟಿಕೆಟ್ ಕೇಳಿದ ಗಿಳಿಯ ಕಥೆ ಹೇಳುತ್ತ ಹೇಳುತ್ತ ಪಾತ್ರೆಯ ತಳ ಹಿಡಿಸಿದರು, ಪರವಾಗಿಲ್ಲ ಬಿಡು, ತಳ ಹಿಡಿದಿದ್ದೇ ರುಚಿ ಅಂದರು — ಮನೆಯೆಲ್ಲ ಆ ಸೀದ ವಾಸನೆ, ಎಷ್ಟು ಚೆನ್ನಾಗಿತ್ತು, ನಿಜವಾಗಿಯೂ ಎಷ್ಟು ಚೆನ್ನಾಗಿತ್ತು, ಮೊದಲ ತುತ್ತು ನನಗೇ ಊದಿ ಊದಿ ಬಾಯಿಗಿಟ್ಟರು, ನಾನು ಅಗಿದೆ, ಹೊರಳಿಸಿದೆ, ಕೈಗೆ ಸಿಕ್ಕಿದ ಲೋಟ ಎತ್ತಿಕೊಂಡು ಉಗುಳಿದೆ, ಉಪ್ಪು ಸರಿ, ಮಾಂಸ ಇನ್ನೂ ಸ್ವಲ್ಪ ಬೇಯಬೇಕು, ಅಂದೆ. ಅಂದಮೇಲೆ ನೋಡಿದೆ. ಮಗಳ ಹಾಲಿನ ಲೋಟ ಅದು, ನೀಲಿಯದು, ಒಂದು ಕಿವಿ ಸವೆದುಹೋದ ಮೊಲದ ಚಿತ್ರದ್ದು. ಇವರು ಚಮಚ ಹಿಡಿದು ನಿಂತೇ ಇದ್ದರು, ಪಾಸೋ ಫೇಲೋ ಅದನ್ನಾದರೂ ಹೇಳು, ಅಂದರು, ನಗಲಿಲ್ಲ, ಅಂದಿನಿಂದ ಒಲೆ ಹಚ್ಚಿಲ್ಲ. ಅವರ ಕೋಪ ಹೇಗೋ ತಡೆದುಕೊಂಡೇನು, ಆದರೆ ಮೇಜಿನ ಆ ತುದಿಯಲ್ಲಿ ಕೂತವಳು ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದಳಲ್ಲ.

ಕಡ್ಡಿ ಅಂತಲೇ ಕರೆಯುವುದು ಅವಳನ್ನು, ಮೊದಲೇ ಗಾಳಿ ಊದಿದರೆ ಹಾರಿಹೋಗುವ ಜೀವ, ಈಗ ತುತ್ತು ಬಾಯಿಗಿಟ್ಟುಕೊಳ್ಳುತ್ತಾಳೆ, ಅಗಿಯುತ್ತಾಳೆ, ಹೊರಳಿಸುತ್ತಾಳೆ, ನೀಲಿ ಲೋಟ ಗಲ್ಲದ ಕೆಳಗೆ ಹಿಡಿದು ಉಗುಳುತ್ತಾಳೆ, ಉಪ್ಪು ಸರಿ, ಅನ್ನುತ್ತಾಳೆ, ದೊಡ್ಡ ಅಧಿಕಾರಿಯ ಹಾಗೆ. ಮೊದಲ ದಿನ ನಕ್ಕೆ, ಎರಡನೆಯ ದಿನ ಗದರಿದೆ, ಆಮೇಲೆ ನಗುವೂ ಇಲ್ಲ ಗದರಿಕೆಯೂ ಇಲ್ಲ. ಶಾಲೆಯಿಂದ ಟೀಚರ್ ಫೋನು, ನೋಡಿ ನಿಮ್ಮ ಮಗಳು ಊಟ ಎಲ್ಲ ಅಗಿದು ಉಗುಳ್ತಾಳೆ, ಕೇಳಿದ್ರೆ ಅಮ್ಮನ ಕೆಲಸ ಮಾಡ್ತಿದೀನಿ ಅಂತಾಳೆ. ಡಾಕ್ಟರು ತೂಕದ ಮೇಲೆ ನಿಲ್ಲಿಸಿದರು, ಇಳಿಸಿದರು, ಮತ್ತೆ ನಿಲ್ಲಿಸಿದರು, ಹೀಗೇ ಇಳೀತಾ ಹೋದ್ರೆ ಮೂಗಿನಿಂದ ನಳಿಕೆ ಹಾಕ್ಬೇಕಾಗತ್ತಮ್ಮಾ, ಬೈಬೇಡಿ, ನೀವೂ ಜೊತೆಗೆ ಕೂತು ತಿನ್ನಿ, ಮಕ್ಕಳು ನೋಡಿ ಕಲೀತಾರೆ — ಕಲಿತದ್ದೇ ನೋಡಿ ಡಾಕ್ಟರೇ, ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಭಯವಾಗುತ್ತದೆ, ಆ ಪುಟ್ಟ ಮೂಗು, ಅದರಲ್ಲಿ ನಳಿಕೆ. ಇವತ್ತು ಬೆಳಗ್ಗೆ ಅವಳ ಎದುರು ಕೂತೆ, ಪೊಟ್ಟಣ ಕತ್ತರಿಸಿ ಬಿಸಿ ಮಾಡಿ ಬಡಿಸಿಕೊಂಡೆ, ಇವತ್ತಿಂದ ಅಮ್ಮ ಉಗುಳಲ್ಲ, ನುಂಗ್ತಾಳೆ, ನೀನೂ ನುಂಗ್ಬೇಕು ಆಯ್ತಾ, ಅಂದೆ, ಮೊದಲು ನೀನು, ಅಂದಳು. ಇಬ್ಬರ ಬಾಯಲ್ಲೂ ತುತ್ತು. ಅಗಿದೆ, ಮೆತ್ತಗಾಯಿತು, ಹಿಟ್ಟಾಯಿತು, ನೀರಾಯಿತು, ಗಂಟಲು ಮಾತ್ರ ಮುಚ್ಚಿದ ಬಾಗಿಲು, ಅವಳ ಒಂದು ಕೆನ್ನೆ ಉಬ್ಬಿತ್ತು, ಗಲ್ಲದ ಕೆಳಗೆ ನೀಲಿ ಲೋಟ, ಕಣ್ಣು ನನ್ನ ಗಂಟಲ ಮೇಲೆ, ಈಗ ಇಳಿಯುತ್ತದೆ ಈಗ ಇಳಿಯುತ್ತದೆ ಎಂದು ಕಾಯುತ್ತಿತ್ತು ಆ ಕಣ್ಣು — ಕೆಳಗೆ ಶಾಲೆಯ ವ್ಯಾನು ಹಾರ್ನ್ ಹೊಡೆಯಿತು, ನಾನು ಬೆಚ್ಚಿ ತಟ್ಟೆಗೆ ಉಗುಳಿಬಿಟ್ಟೆ. ಅವಳು ತನ್ನದನ್ನೂ ಲೋಟಕ್ಕೆ ಉಗುಳಿ, ಬ್ಯಾಗು ಏರಿಸಿಕೊಂಡು, ಟಾಟಾ ಅಂದಳು.

ಕಿಂಡಿಯ ಮುಚ್ಚಳ ಎದ್ದಿತು. ಬಟ್ಟಲು. ಇದೇ ಕೊನೇದು, ಬೇಗ ಬರೀರಿ, ಅನ್ನುತ್ತಾರೆ ಹರಳೆಣ್ಣೆ ಮೇಡಂ ಆಚೆಯಿಂದ, ಆಗಲಿ ಮೇಡಂ, ಬಾಯಿಗಿಟ್ಟುಕೊಂಡೆ, ಕುರಿ, ಎಲುಬಿನ ಹತ್ತಿರದ್ದು, ಹದವಾಗಿ ಬೆಂದಿದೆ, ಈರುಳ್ಳಿ, ಮೆಣಸು, ಹಿಂದಿನಿಂದ ಮೆಲ್ಲಗೆ ಏನೋ — ಇದೇನಿದು, ಸೀದ ವಾಸನೆ, ತಳ ಹಿಡಿದ ವಾಸನೆ, ನಮ್ಮ ಮನೆಯ ವಾಸನೆ. ಆ ಭಾನುವಾರದ ಮರುದಿನ ಉಳಿದದ್ದನ್ನು ಡಬ್ಬಿಗೆ ಹಾಕಿ ಇಲ್ಲಿಗೆ ತಂದಿದ್ದೆನಲ್ಲ, ಕಾರ್ಖಾನೆಯ ಹೆಡ್ ಕುಕ್ ಬಗ್ಗಿ ಮೂಸಿದ್ದ, ಒಂದು ತುಂಡು ಕೊಡಿ ಅಕ್ಕಾ ಎಂದು ತಿಂದಿದ್ದ, ಅವನು ನುಂಗಬಹುದು, ಅವನಿಗೆ ಅಡ್ಡಿಯಿಲ್ಲ, ಇನ್ನೊಂದು ಅಂದಿದ್ದ, ಇದರ ಗುಟ್ಟೇನು ಅಂದಿದ್ದ, ನಾನು ಹಲ್ಲುಬಿಟ್ಟು ಹೇಳಿದ್ದೆ, ಗುಟ್ಟೇನೂ ಇಲ್ಲ ಮಾರಾಯ, ಗಿಳಿ ಕಥೆ ಹೇಳ್ತಾ ತಳ ಹಿಡಿಸಿದ್ರು. ಪಾಪಿ, ಅದನ್ನೂ ಮಾಡಿಬಿಟ್ಟಿದ್ದಾನೆ, ಯಾವ ಎಸೆನ್ಸಿನ ಸೀಸೆಯಿಂದ ಎಷ್ಟು ಹನಿ ಹಾಕಿದನೋ, ಇನ್ನು ಸಾವಿರ ಪೊಟ್ಟಣದಲ್ಲೂ ಒಂದೇ ಹದಕ್ಕೆ ತಳ ಹಿಡಿಯುತ್ತದೆ, ಯಾರೂ ಕಥೆ ಹೇಳಬೇಕಾಗಿಲ್ಲ. ಪಾಸು ಅಂತ ಬರೆದರೆ ನಾಳೆ ನಮ್ಮ ಫ್ರೀಜರಿಗೂ ಬರುತ್ತದೆ, ಇವರು ಕತ್ತರಿಸುತ್ತಾರೆ, ಬಿಸಿ ಮಾಡುತ್ತಾರೆ, ಮೊದಲ ತುತ್ತಿಗೇ ಗೊತ್ತಾಗುತ್ತದೆ ಅವರಿಗೆ. ಫೇಲು ಅಂತ ಬರೆಯಲೇ, ಮನೆಯಲ್ಲಿ ಒಂದು ಸಲ ಉಗುಳಿದ್ದು ಸಾಲದೆಂದು ಇಲ್ಲಿಯೂ ಉಗುಳಲೇ, ಅದೇ ಮಾಂಸವನ್ನು, ಅವರ ಕೈಯದನ್ನೇ.

ಆಯ್ತಾ, ಅನ್ನುತ್ತಾರೆ ಆಚೆಯಿಂದ. ನುಂಗಬೇಕು. ನುಂಗಿದರೆ ಕೆಲಸ ಹೋಗಬಹುದು, ಹೋಗಲಿ, ಈಗ ನುಂಗಿದರೆ ಸಂಜೆಯೂ ನುಂಗಬಲ್ಲೆ, ಅವಳ ಎದುರು, ಇವರೂ ನೋಡಲಿ, ಕಾಗದದ ಲೋಟ ಎತ್ತಲಾರೆ, ಎತ್ತುವುದಿಲ್ಲ, ಗಂಟಲೇ ನಿನ್ನ ಕಾಲಿಗೆ ಬೀಳುತ್ತೇನೆ, ಒಂದು ಸಲ, ಒಂದೇ ಸಲ — ಬಾಯಲ್ಲಿ ಬಿಸಿತುಪ್ಪ ಅನ್ನುತ್ತಾರಲ್ಲ, ಉಗುಳುವ ಹಾಗಿಲ್ಲ ನುಂಗುವ ಹಾಗಿಲ್ಲ, ತುಪ್ಪವಾದರೂ ಆರುತ್ತದೆ, ಇದು ಆರಿದರೂ ಇಳಿಯುವುದಿಲ್ಲ, ಮೆತ್ತಗಾಯಿತು, ಹಿಟ್ಟಾಯಿತು, ಕಣ್ಣಲ್ಲಿ ನೀರು ಬಂತು, ಕೈ ತಾನೇ ಲೋಟದ ಕಡೆಗೆ ಹೋಗುತ್ತಿದೆ, ಬೇಡ, ತಾನೇ ಎತ್ತಿತು, ಗಲ್ಲದ ಕೆಳಗೆ ತಂದು ಹಿಡಿಯಿತು, ರೀ ಆಯ್ತೇನ್ರೀ ಒಳಗೆ, ಮೊದಲು ನೀನು, ಕೆಂಪು ದೀಪ, ಗೋಡೆ, ಮೊದಲು ನೀನು, ಉಬ್ಬಿದ ಕೆನ್ನೆ, ನನ್ನದು, ಅವಳದು, ನೀಲಿ ಲೋಟ, ಕಿವಿ ಸವೆದ ಮೊಲ, ಉಬ್ಬಿದ ಕೆನ್ನೆ, ಮತ್ತೆ ಆ ಕಣ್ಣು, ನನ್ನ ಗಂಟಲ ಮೇಲೆ, ಮಿಟುಕಿಸದ ಕಣ್ಣು, ನನ್ನ ಗಂಟಲ ಮೇಲೆ