ಹಸಿ ಬಾನೆಟ್ಟು

ಈ ಕಥೆಯನ್ನು ಕಾರಿನಿಂದ ಶುರುಮಾಡಿದರೆ ಕಾರು ಇಷ್ಟವಿಲ್ಲದವರು ಎದ್ದು ಹೋಗುತ್ತಾರೆ. ಅಕ್ಕಮ್ಮನಿಂದ ಶುರುಮಾಡಿದರೆ, ‘ಓಹೋ, ವಿದೇಶಕ್ಕೆ ಬಂದ ಅತ್ತೆ, ಚಳಿ, ಬೇಜಾರು, ಗೊತ್ತು ಬಿಡಿ’ ಎಂದು ನೀವೇ ಪುಟ ತಿರುಗಿಸುತ್ತೀರಿ. ಹವಾಮಾನದಿಂದ ಶುರುಮಾಡೋಣವೆಂದರೆ ಐರ್ಲೆಂಡಿನಲ್ಲಿ ಎಲ್ಲರೂ ಎಲ್ಲ ಮಾತನ್ನೂ ಅಲ್ಲಿಂದಲೇ ಶುರುಮಾಡುತ್ತಾರೆ. ನಾನೂ ಅದನ್ನೇ ಮಾಡಿದರೆ ನನ್ನದೇನು ಹೆಚ್ಚುಗಾರಿಕೆ?

(ಅತ್ಲೋನ್‌ನಿಂದ ಡಬ್ಲಿನ್‌ಗೆ ಹೋಗುವ ರೈಲಿನಲ್ಲಿ ಕೂತು ಇದನ್ನು ಫೋನಿನಲ್ಲಿ ಟೈಪ್ ಮಾಡುತ್ತಿದ್ದೇನೆ. ಅರ್ಧ ದಾರಿ ದಾಟಿತು. ಮೊದಲ ವಾಕ್ಯವನ್ನು ನಾನಿನ್ನೂ ದಾಟಿಲ್ಲ.)

“ವಾಸನೆಯಿಂದ ಶುರು ಮಾಡು ಮಾರಾಯ,” ಎಂದರು ಅಕ್ಕಮ್ಮ.

ಪಾತ್ರಗಳು ಇಷ್ಟು ಬೇಗ ಬಾಯಿ ಹಾಕಬಾರದು. ಆದರೆ ಅವರು ಹೇಳಿದ್ದು ಸರಿಯಾಗಿತ್ತು, ಅದೇ ಸಿಟ್ಟು.

1

ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ಒಂದು ಮನೆಯ ಗ್ಯಾರೇಜು. ಒಳಗೆ ರೆಸಿನ್ ಎಂಬ ಫೈಬರ್ ಅಂಟಿನ ವಾಸನೆ. ನೇಲ್ ಪಾಲಿಶ್ ಬಾಟಲಿ ಬಿದ್ದು ಒಡೆದರೆ ಬರುತ್ತದಲ್ಲ, ಆ ಥರದ್ದು, ಮೂಗಿಗೆ ಹೊಕ್ಕು ಹಣೆಯಲ್ಲಿ ಹೋಗಿ ಕೂರುತ್ತದೆ. ನಡುವೆ ಒಂದು ಹಳೆಯ ಕಿಟ್ ಕಾರು. ಕಿಟ್ ಕಾರೆಂದರೆ, ಕಂಪನಿಯವರು ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿ ಕಳಿಸುತ್ತಾರೆ, ಕೊಂಡವನು ಮನೆಯಲ್ಲೇ ಜೋಡಿಸಿಕೊಳ್ಳಬೇಕು. ಇಂಜಿನ್ನು ಯಾವುದೋ ಹಳೆಯ ಕಾರಿನದು, ಮೈ ಮಾತ್ರ ಫೈಬರ್. ಎಂಬತ್ತರ ದಶಕದಲ್ಲಿ ಯಾರೋ ಆಸೆಯಿಂದ ಜೋಡಿಸಿ, ನಾಲ್ಕು ದಿನ ಓಡಿಸಿ, ಆಮೇಲೆ ಕೋಳಿಗಳಿಗೆ ಬಿಟ್ಟುಕೊಟ್ಟಿದ್ದ ಈ ಕಾರನ್ನು ಕಾರ್ತಿಕೇಯ ಒಬ್ಬ ರೈತನ ಶೆಡ್ಡಿನಿಂದ ಟ್ರೇಲರಿನಲ್ಲಿ ಎಳೆದು ತಂದಿದ್ದ.

ಕಾರ್ತಿಕೇಯ ಏರ್‌ಪೋರ್ಟಿನಲ್ಲಿ ಲಗೇಜ್ ಬೆಲ್ಟುಗಳ ರಿಪೇರಿ ನೋಡಿಕೊಳ್ಳುತ್ತಾನೆ. ದಿನವಿಡೀ ರಿಪೇರಿ ಮಾಡಿ ಮನೆಗೆ ಬಂದು ಮತ್ತೆ ರಿಪೇರಿಗೆ ಕೂರುವವನನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅವನ ಹೆಂಡತಿ ಚೈತನ್ಯಾಗೆ ಗೊತ್ತು, ಆದರೆ ಅದು ಅಚ್ಚು ಹಾಕುವಂಥ ಪದವಲ್ಲ. ಅವಳು ಬ್ಯೂಮಾಂಟ್‌ನ ಆಸ್ಪತ್ರೆಯಲ್ಲಿ ನರ್ಸು, ಬೆಂಗಳೂರಿನ ಹುಡುಗಿ. ಹಾಗಾಗಿಯೇ ಈ ಮನೆಯಲ್ಲಿ ಅತ್ತೆ ಸೊಸೆ ತುಳು ಬಿಟ್ಟು ಕನ್ನಡದಲ್ಲಿ ಮಾತಾಡುತ್ತಾರೆ. (ನನಗೆ ತುಳು ಬರುವುದಿಲ್ಲ ಎಂಬುದೂ ಒಂದು ಕಾರಣ.)

ಇಂಜಿನ್ನು ಸರಿಹೋಗಿತ್ತು, ಬ್ರೇಕು ಹೊಸದಾಗಿತ್ತು. ಬಾನೆಟ್ಟು ಮಾತ್ರ ನಡುವಿನಲ್ಲಿ ಉದ್ದಕ್ಕೆ ಸೀಳಿತ್ತು. ಮೂರು ತಿಂಗಳ ವೀಸಾದಲ್ಲಿ ಮಲ್ಪೆಯಿಂದ ಬಂದಿದ್ದ ಕಾರ್ತಿಕೇಯನ ತಾಯಿ ಅಕ್ಕಮ್ಮ ಒಂದು ಸಂಜೆ ಕಸ ಹಾಕಲು ಹೊರಟವರು ಗ್ಯಾರೇಜಿನೊಳಗೆ ಇಣುಕಿದರು. ಬಾನೆಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ಕುಟ್ಟಿ, ಕಿವಿ ಕೊಟ್ಟು ಕೇಳಿದರು.

“ಇದು ನಮ್ಮ ದೋಣಿಯದ್ದೇ ಫೈಬರ್ ಅಲ್ವಾ? ನಾನು ಮಾಡಿ ಕೊಡ್ತೇನೆ.”

ಬಂದಾಗಿನಿಂದ ಅವರು ಏನನ್ನೂ ‘ನಾನು ಮಾಡ್ತೇನೆ’ ಎಂದಿರಲಿಲ್ಲ.

2

ಮಲ್ಪೆಯಲ್ಲಿ ಅಕ್ಕಮ್ಮ ಮತ್ತು ಅವರ ಗಂಡ ಮಹಾದೇವ ಒಂದು ಶೆಡ್ಡಿನಲ್ಲಿ ಫೈಬರ್ ದೋಣಿ ಕಟ್ಟುತ್ತಿದ್ದರು. ಗಾಜಿನ ನೂಲಿನ ಮ್ಯಾಟನ್ನು ಹಾಸಬೇಕು. ರೆಸಿನ್‌ಗೆ ಒಂದಿಷ್ಟು ಹಾರ್ಡನರ್ ಹನಿಸಿ, ಕಲಸಿ, ಬ್ರಷ್ಷಿನಲ್ಲಿ ಕುಡಿಸಬೇಕು. ಗಾಳಿಗುಳ್ಳೆ ಉಳಿಯದಂತೆ ರೋಲರ್ ಆಡಿಸಬೇಕು. ಹಾರ್ಡನರ್ ಹೆಚ್ಚಾದರೆ ಡಬ್ಬದಲ್ಲೇ ಕಲ್ಲಾಗುತ್ತದೆ, ಕಡಿಮೆಯಾದರೆ ಗಟ್ಟಿಯಾಗುವುದೇ ಇಲ್ಲ. ಅದನ್ನು ಕಣ್ಣಳತೆಯಲ್ಲಿ ಹನಿಸುತ್ತಿದ್ದುದು ಅಕ್ಕಮ್ಮ. ದೋಣಿ ನೀರಿಗಿಳಿದ ದಿನ ಜನ ಹೇಳುತ್ತಿದ್ದುದು, ‘ಮಹಾದೇವನ ಕೈ ಅಂದ್ರೆ ಕೈ.’ ಮಹಾದೇವ ತೀರಿಕೊಂಡ ಮೇಲೆ ಶೆಡ್ಡು ಮುಚ್ಚಿತು. ಅಕ್ಕಮ್ಮನನ್ನು ಯಾರೂ ಬಂದು ಕೇಳಲಿಲ್ಲ.

(ಇಲ್ಲಿ ನಿಮ್ಮ ಅನುಮಾನ ನನಗೆ ಕೇಳಿಸುತ್ತಿದೆ. ಸೀಳಿದ ಬಾನೆಟ್ಟು ಎಂದರೆ ಸೀಳಿದ ಮನಸ್ಸು, ಇತ್ಯಾದಿ. ಹಿಂದಿನ ಡ್ರಾಫ್ಟಿನಲ್ಲಿ ಹಾಗೆಯೇ ಬರೆದಿದ್ದೆ. ಅಕ್ಕಮ್ಮ ಓದಿ, “ಬಾನೆಟ್ಟು ಬಾನೆಟ್ಟೇ ಮಾರಾಯ,” ಎಂದರು. ಡ್ರಾಫ್ಟು ಹೋಯಿತು.)

ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ಟು, ಅದರ ಮೇಲೆ ಸೊಸೆ ತಂದುಕೊಟ್ಟ ಏಪ್ರನ್ನು, ಮುಖಕ್ಕೆ ಮಾಸ್ಕು. ಅಕ್ಕಮ್ಮ ಮ್ಯಾಟ್ ಕತ್ತರಿಸಿದರು, ರೆಸಿನ್ ಕಲಸಿದರು, ಕೊಡೆ ಹಿಡಿದು ನಡೆಯುವಷ್ಟು ಸಲೀಸಾಗಿ ರೋಲರ್ ಆಡಿಸಿದರು. ಕಾರ್ತಿಕೇಯ ಬಾಗಿಲಲ್ಲಿ ನಿಂತು ನೋಡಿದ. ಅವನಿಗೆ ಬಹಳ ಖುಷಿಯಾಯಿತು. ಅದನ್ನು ಅವನು “ಗ್ರ್ಯಾಂಡ್, ಅಮ್ಮ” ಎಂಬ ಐರಿಷ್ ಮೆಚ್ಚುಗೆಯಲ್ಲೇ ಮುಗಿಸಿದ.

ಮರುದಿನ ಬಾನೆಟ್ಟು ಮುಟ್ಟಿದರೆ ಅಂಟುತ್ತಿತ್ತು. ಅದರ ಮರುದಿನವೂ ಅಂಟುತ್ತಿತ್ತು. ವಾರ ಕಳೆದರೂ ಅದು ಹಲಸಿನ ಮೇಣವಾಗಿಯೇ ಉಳಿಯಿತು. ತಾಯಿ ಮಗ ಕೂತು ಎಲ್ಲವನ್ನೂ ಕೆರೆದು ತೆಗೆದರು. ಆಮೇಲೆ ಅಕ್ಕಮ್ಮ ಗ್ಯಾರೇಜಿನತ್ತ ಹೋಗಲಿಲ್ಲ. ಮೂರು ದಿನ ಸೋಫಾದ ಮೇಲೆ ಕೂತಿದ್ದು, ಮಗನನ್ನು ಕರೆದು, “ನನ್ನ ಟಿಕೆಟ್ ಮುಂಚೆ ಮಾಡು. ಬರುವ ಭಾನುವಾರ ಹೋಗ್ತೇನೆ,” ಎಂದರು.

ಮಗನಿಗೆ ಹೇಳದ್ದನ್ನು ನನಗೆ ಹೇಳಿದರು.

“ಅಲ್ಲ, ನಾನು ಶೆಡ್ಡಿನಿಂದ ಅಡುಗೆಗೆ ಹೋದ ಮೇಲೆ ಇವನ ಅಪ್ಪ ಬಂದು ಇನ್ನೆರಡು ಹನಿ ಹಾರ್ಡನರ್ ಹಾಕ್ತಿದ್ರೋ ಏನೋ. ಇಷ್ಟು ವರ್ಷ ನನ್ನ ಕೈ ನನ್ನ ಕೈ ಅಂತ ಮನಸ್ಸಿನಲ್ಲೇ ಹೇಳಿಕೊಂಡದ್ದು. ಅವರದ್ದೇ ಕೈ ಇದ್ದಿರಬಹುದು.”

ಮಹಾದೇವ ಇಲ್ಲ. ಕೇಳಿ ತಿಳಿದುಕೊಳ್ಳುವ ದಾರಿ ಇಲ್ಲ.

3 (ಹೊಡೆದು ಹಾಕಿದ್ದು)

ನಾನು ಲೇಖಕ. ನನಗೆ ಸಂಕಟ ತಡೆಯಲಾಗಲಿಲ್ಲ. ಹೀಗೆ ಬರೆದೆ:

‘ಅಕ್ಕಮ್ಮ ಇನ್ನೊಮ್ಮೆ ಪ್ರಯತ್ನಿಸಿದರು. ಬೆಳಗ್ಗೆ ನೋಡಿದರೆ ಬಾನೆಟ್ಟು ಕಲ್ಲಿನಂತೆ ಗಟ್ಟಿಯಾಗಿತ್ತು. ಕಿಟಕಿಯಿಂದ ಬಿಸಿಲು ಬಿತ್ತು.’

“ಅಳಿಸು,” ಎಂದರು ಅಕ್ಕಮ್ಮ.

“ಯಾಕೆ? ಗಟ್ಟಿ ಆಯ್ತಲ್ಲ. ಟಿಕೆಟ್ ಕ್ಯಾನ್ಸಲ್ ಮಾಡಿಸಬಹುದು.”

“ನೀನು ಬರೆದದ್ದಕ್ಕೆ ಗಟ್ಟಿ ಆದದ್ದು ಅದು. ನನ್ನ ಕೈಯಿಂದ ಆದದ್ದಾ?”

“ಓದುವವರಿಗೆ ಹೇಗೆ ಗೊತ್ತಾಗುತ್ತೆ?”

“ನನಗೆ ಗೊತ್ತಾಗ್ತದಲ್ಲ. ನೀನು ಒಮ್ಮೆಯಾದ್ರೂ ರೆಸಿನ್ ಮುಟ್ಟಿದ್ದುಂಟಾ?”

ಇಲ್ಲ. ನಾನು ಅತ್ಲೋನ್‌ನಲ್ಲಿ ಓದಲು ಬಂದು, ಅಲ್ಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸಕ್ಕೆ ಸೇರಿದವನು. ಫೈಬರ್ ರಿಪೇರಿ ನೋಡಿದ್ದು ಯೂಟ್ಯೂಬಿನಲ್ಲಿ, ಅದೂ ಒಂದೂವರೆ ಪಟ್ಟು ಸ್ಪೀಡಿನಲ್ಲಿ. ಅಳಿಸಿದೆ. ಬಿಸಿಲನ್ನೂ ಅಳಿಸಿದೆ, ಅದನ್ನಂತೂ ಇಲ್ಲಿ ಯಾರೂ ನಂಬುತ್ತಿರಲಿಲ್ಲ.

4

ಕಥೆಯನ್ನು ಎತ್ತಿಕೊಂಡು ಹೊರಟವಳು ಚೈತನ್ಯಾ. ನಾನು ಅವಳನ್ನು ಸಣ್ಣ ಪಾತ್ರವೆಂದುಕೊಂಡಿದ್ದೆ. ಡ್ಯೂಟಿ ಮುಗಿಸಿ ಬಂದು, ಸೋಫಾದ ಮೇಲೆ ಟಿ.ವಿ.ಯನ್ನೂ ನೋಡದೆ ಕೂತಿದ್ದ ಅತ್ತೆಯ ಪಕ್ಕ ಕೂತಳು.

“ಅತ್ತೆ, ನಾನು ಇಲ್ಲಿಗೆ ಬಂದಾಗ ಮೊದಲ ತಿಂಗಳು ದೋಸೆ ಹಿಟ್ಟು ಉಬ್ಬಲೇ ಇಲ್ಲ ಗೊತ್ತಾ?”

“ಅದು ಬೇರೆ.”

“ಏನ್ ಬೇರೆ? ಅದೇ ಅಕ್ಕಿ, ಅದೇ ಉದ್ದು, ನಮ್ಮಮ್ಮ ಹೇಳಿದ್ದೇ ಅಳತೆ. ಸಿಂಕಿಗೆ ಸುರಿದು ಸುರಿದು ಸಾಕಾಯ್ತು. ನನ್ನ ಕೈ ಹೋಯ್ತು ಅಂತ ಅತ್ತುಬಿಟ್ಟಿದ್ದೆ. ಆಮೇಲೆ ವಾರ್ಡಲ್ಲಿ ಒಬ್ರು ಹೇಳಿದ್ರು, ಹಾಟ್ ಪ್ರೆಸ್‌ನಲ್ಲಿ ಇಡು ಅಂತ.”

(ಹಾಟ್ ಪ್ರೆಸ್ ಎಂದರೆ ಇಲ್ಲಿನ ಮನೆಗಳಲ್ಲಿ ಬಿಸಿನೀರಿನ ಟ್ಯಾಂಕ್ ಇರುವ ಕಪಾಟು. ಐರಿಷರು ಅದರಲ್ಲಿ ಟವಲ್ ಇಡುತ್ತಾರೆ. ನಮ್ಮವರು ಹಿಟ್ಟು ಇಡುತ್ತಾರೆ. ನನ್ನ ಬಾಡಿಗೆ ಮನೆಯ ಹಾಟ್ ಪ್ರೆಸ್ ಮಾಲೀಕರ ಟವಲುಗಳಿಗೆ ಮೀಸಲು, ಆದ್ದರಿಂದ ನನ್ನ ದೋಸೆಯ ಬಗ್ಗೆ ಕೇಳಬೇಡಿ.)

ಮಲ್ಪೆಯ ಸೆಕೆಯಲ್ಲಿ ಕಲಿತ ಹನಿ ಈ ಚಳಿಗೆ ಸಾಲದೇ ಹೋಗಿರಬಹುದು ಎಂದು ಅಕ್ಕಮ್ಮನಿಗೆ ಹೊಳೆಯಿತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ.

4 (ಇನ್ನೊಮ್ಮೆ, ಯಾಕೆಂದರೆ ಆದದ್ದು ನನಗೆ ಗೊತ್ತಿಲ್ಲದೆ ಆಯಿತು)

ಶುಕ್ರವಾರ ಬೆಳಗ್ಗೆ ಚೈತನ್ಯಾ ಹಾಟ್ ಪ್ರೆಸ್ ತೆರೆದಳು. ಹಿಟ್ಟು ಚೆನ್ನಾಗಿ ಉಬ್ಬಿತ್ತು. ಅದರ ಪಕ್ಕದಲ್ಲಿ, ಇಸ್ತ್ರಿ ಮಾಡಿದ ಯೂನಿಫಾರ್ಮಿನ ಕೆಳಗೆ, ಅಂಗೈಯಗಲದ ಫೈಬರ್ ತುಂಡೊಂದು ಪೇಪರಿನ ಮೇಲೆ ಕೂತಿತ್ತು. ಹಿಟ್ಟು, ಟವಲು, ಯೂನಿಫಾರ್ಮು, ಎಲ್ಲಕ್ಕೂ ರೆಸಿನ್ ವಾಸನೆ ಹಿಡಿದಿತ್ತು.

“ಅತ್ತೆ, ಏನ್ ಮಾಡಿದ್ರಿ ಇದು? ಈ ಬಟ್ಟೆ ಹಾಕ್ಕೊಂಡು ಹೋದ್ರೆ ಪೇಶೆಂಟ್‌ಗಳು ಎದ್ದು ಓಡ್ತಾರೆ.”

ಅಕ್ಕಮ್ಮ ಅವಳನ್ನು ದಾಟಿಕೊಂಡು ಹೋಗಿ ತುಂಡನ್ನು ಎತ್ತಿದರು. ಹೆಬ್ಬೆರಳು ಒತ್ತಿದರು. ಅಂಟಲಿಲ್ಲ. ಗೆಣ್ಣಿನಿಂದ ಕುಟ್ಟಿದರು.

“ಗಟ್ಟಿ ಆಗಿದೆ ಅಲ್ವಾ ಅತ್ತೆ?” ಹಿಟ್ಟನ್ನು ಚೆಲ್ಲಲು ಹೊರಟಿದ್ದ ಚೈತನ್ಯಾಳ ದನಿ ಮೆತ್ತಗಾಗಿತ್ತು.

“ಇಷ್ಟು ಸಣ್ಣ ತುಂಡನ್ನು ಯಾರು ಬೇಕಾದ್ರೂ ಮಾಡ್ತಾರೆ. ಬಾನೆಟ್ಟು ಹಾಗಲ್ಲ.”

ಆದರೂ ಆ ತುಂಡನ್ನು ಜಾಕೆಟ್ಟಿನ ಜೇಬಿಗೆ ಹಾಕಿಕೊಂಡರು. ಮಗ ಬಂದ ಕೂಡಲೇ, “ಮ್ಯಾಟ್ ಉಳಿದದ್ದು ಉಂಟಾ?” ಎಂದು ಕೇಳಿದರು.

5

ಬಾನೆಟ್ಟು ಹಾಟ್ ಪ್ರೆಸ್ಸಿಗೆ ಹೋಗುವುದಿಲ್ಲ. ಆದ್ದರಿಂದ ಹಾಟ್ ಪ್ರೆಸ್ಸೇ ಬಾನೆಟ್ಟಿನ ಬಳಿ ಬಂತು. ಕಾರ್ತಿಕೇಯ ಮೊದಲೇ ಗ್ಯಾರೇಜನ್ನು ಆಯಿಲ್ ಹೀಟರಿನಿಂದ ಬಿಸಿ ಮಾಡಿಟ್ಟ. ಬಟ್ಟೆ ಒಣಗಿಸುವ ಸ್ಟ್ಯಾಂಡುಗಳನ್ನು ಸುತ್ತ ನಿಲ್ಲಿಸಿ ಹಳೆಯ ಡುವೆಗಳನ್ನು, ಅಂದರೆ ದಪ್ಪ ರಜಾಯಿಗಳನ್ನು, ಹೊದಿಸಿದ. ಚೈತನ್ಯಾ ಎಲ್ಲರಿಗೂ ಮಾಸ್ಕ್ ಹಾಕಿಸಿ, ಕಿಟಕಿ ಒಂದಿಷ್ಟು ತೆರೆದೇ ಇರಬೇಕೆಂದು ಹಟ ಹಿಡಿದಳು. ಗಾಳಿ ಬೇಕೋ ಬಿಸಿ ಬೇಕೋ ಎಂದು ಗಂಡ ಹೆಂಡತಿ ಜಗಳವಾಡುತ್ತಿದ್ದಾಗ ಅಕ್ಕಮ್ಮ ರೆಸಿನ್ ಡಬ್ಬ ತೆರೆದಿದ್ದರು.

ಹಾರ್ಡನರ್ ಹನಿಸುವ ಹೊತ್ತಿಗೆ ಅವರ ಕೈ ನಿಂತಿತು.

“ಅಮ್ಮ, ಅಳತೆ ಕಪ್ ಕೊಡ್ಲಾ?” ಕಾರ್ತಿಕೇಯ ಕೇಳಿದ.

“ಬೇಡ. ಎಲ್ಲ ಹೊರಗೆ ಹೋಗಿ.” ಆಮೇಲೆ ತಲೆಯೆತ್ತಿ, “ನೀನೂ,” ಎಂದರು.

ನನಗೆ ಹೇಳಿದ್ದು. ಹಾಗಾಗಿ ಎಷ್ಟು ಹನಿ ಬಿತ್ತೆಂಬುದು ಈ ಕಥೆಯಲ್ಲಿಲ್ಲ.

6

ಶನಿವಾರ. ನಾಳೆ ವಿಮಾನ. ಮಧ್ಯಾಹ್ನದವರೆಗೆ ಬಾನೆಟ್ಟು ಮುಟ್ಟಬಾರದು ಎಂದು ಅಕ್ಕಮ್ಮನ ಅಪ್ಪಣೆ. ನಡುಮನೆಯಲ್ಲಿ ಸೂಟ್‌ಕೇಸ್ ಅರ್ಧ ತುಂಬಿ ಬಾಯಿ ತೆರೆದು ಕೂತಿದೆ.

ಈ ಕಥೆ ಕೇಳಿದ್ದ ಇಲ್ಲಿನ ಕನ್ನಡ ಸಂಘದ ಸ್ಮರಣ ಸಂಚಿಕೆಯ ಸಂಪಾದಕ ಜಯರಾಮ ಅವರು ಮೆಸೇಜ್ ಹಾಕಿದ್ದಾರೆ: ‘ಪಾಸಿಟಿವ್ ಆಗಿರ್ಲಿ, ಎಂಡಿಂಗ್ ಕ್ಲಿಯರ್ ಆಗಿರ್ಲಿ.’ ಆದ್ದರಿಂದ ಕಾಯುವ ಹೊತ್ತಿನಲ್ಲಿ ಕೆಲವು ಕೊನೆಗಳನ್ನು ತಯಾರಿಸಿದೆ.

ಅ) ಬಾನೆಟ್ಟು ಗಟ್ಟಿಯಾಗಿದೆ. ಅಕ್ಕಮ್ಮ ಕಾರಿನಲ್ಲಿ ಕೂತು ಸ್ವೋರ್ಡ್ಸ್ ಪೇಟೆಯಲ್ಲಿ ಒಂದು ಸುತ್ತು ಹೋಗುತ್ತಾರೆ. ಬಸ್ಸಿಗೆ ಕಾಯುವವರು ಕೈ ಬೀಸುತ್ತಾರೆ.

“ಇನ್ಶೂರೆನ್ಸೇ ಆಗಿಲ್ಲ,” ಎಂದ ಕಾರ್ತಿಕೇಯ. “ಪೇಪರ್ಸ್ ಎಲ್ಲ ಬಾಕಿ ಇದೆ.”

ಆ) ಬಾನೆಟ್ಟು ಹಸಿಯಾಗಿಯೇ ಇದೆ. ಅಕ್ಕಮ್ಮ ನಗುತ್ತಾ, ಪ್ರಯತ್ನವೇ ದೊಡ್ಡದು ಎನ್ನುತ್ತಾರೆ.

“ನಾನು ಹಾಗೆಲ್ಲ ಹೇಳುವವಳಲ್ಲ,” ಎಂದರು ಅಕ್ಕಮ್ಮ.

ಇ) ಮಹಾದೇವ ಕನಸಿನಲ್ಲಿ ಬಂದು, ‘ಅದು ನಿನ್ನ ಕೈಯೇ ಮಾರಾಯ್ತಿ’ ಎಂದು ಹೇಳುತ್ತಾರೆ.

ಇದನ್ನು ಓದಿ ಅಕ್ಕಮ್ಮ ಫೋನನ್ನು ನನ್ನ ಕೈಗೆ ವಾಪಸ್ ಇಟ್ಟರು. ಆಮೇಲೆ, “ಇರುವಾಗ ಹೇಳದ್ದನ್ನು ಈಗ ನಿನ್ನ ಬಾಯಲ್ಲಿ ಹೇಳಿಸ್ಬೇಡ,” ಎಂದರು. ನನಗೆ ನಾಚಿಕೆಯಾಯಿತು. ಈ ಕಥೆಯಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ಕೆಲಸ ಅದು, ಅಳಿಸದೆ ಬಿಟ್ಟಿದ್ದೇನೆ.

7

ಊಟವಾದ ಮೇಲೆ ಅಕ್ಕಮ್ಮ ಜಾಕೆಟ್ ಹಾಕಿಕೊಂಡು ಗ್ಯಾರೇಜಿಗೆ ಹೋಗಿ ಬಾಗಿಲೆಳೆದುಕೊಂಡರು. ಹೊರಗೆ ಕಾರ್ತಿಕೇಯ, ಚೈತನ್ಯಾ, ನಾನು. ಮತ್ತೆ ನೀವು. ಡುವೆ ಸರಿಸಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಚೈತನ್ಯಾ ಗಂಡನ ಕೈ ಹಿಡಿದುಕೊಂಡಿದ್ದಳು, ಆಸ್ಪತ್ರೆಯಲ್ಲಿ ಬೇರೆಯವರ ಕೈ ಹಿಡಿದು ಅಭ್ಯಾಸವಿದ್ದವಳು. ನಾನು ಫೋನು ಜೇಬಿಗಿಟ್ಟೆ, ಬೆರಳು ತಪ್ಪಿ ಏನಾದರೂ ಟೈಪ್ ಮಾಡಿಬಿಟ್ಟೇನೆಂಬ ಭಯಕ್ಕೆ.

ಬಾಗಿಲು ತೆರೆಯಿತು. ಅಕ್ಕಮ್ಮನ ಎರಡೂ ಕೈ ಜಾಕೆಟ್ಟಿನ ಜೇಬಿನಲ್ಲಿದ್ದವು.

“ಕಾರ್ತಿ, ಆ ಎಡಗಡೆ ಬಾಗಿಲು ಬಿಚ್ಚು. ಕೆಳಗೆ ಬಿರುಕುಂಟು, ನೀನು ಬಣ್ಣ ಬಳಿದು ಮುಚ್ಚಿದ್ದಿ ಅಲ್ವಾ?”

“ಅಮ್ಮ, ನಾಳೆ ಫ್ಲೈಟ್...”

“ವೀಸಾ ಇನ್ನೂ ಉಂಟಲ್ಲ? ಆ ಏರ್‌ಲೈನಿನವರಿಗೆ ಫೋನ್ ಮಾಡು. ಚೈತನ್ಯಾ, ಒಂದು ಒಳ್ಳೆಯ ಕತ್ತರಿ ಕೊಡು ಮಗಾ. ಅಡುಗೆಮನೆಯದ್ದು ಬೇಡ.”

ಚೈತನ್ಯಾ ಕತ್ತರಿ ತರಲು ಓಡಿದಳು. ಕಾರ್ತಿಕೇಯ ಸ್ಪ್ಯಾನರ್ ಹುಡುಕುವ ನೆಪದಲ್ಲಿ ಆಚೆ ತಿರುಗಿ ಕಣ್ಣೊರೆಸಿಕೊಂಡ.

“ಅಕ್ಕಮ್ಮ,” ಎಂದೆ ನಾನು. “ಗಟ್ಟಿ ಆಗಿತ್ತಾ? ಇಲ್ಲ, ಮತ್ತೊಮ್ಮೆ ಮಾಡಿ ನೋಡೋಣ ಅಂತ ಉಳೀತಿದ್ದೀರಾ? ಓದುವವರಿಗೆ ಅದೊಂದು ಗೊತ್ತಾಗಬೇಕು. ಒಂದೇ ವಾಕ್ಯ.”

“ನೀನು ಬರೆದ್ರೆ ನೀನು ಮಾಡಿದ ಹಾಗೆ ಆಗ್ತದೆ ಮಾರಾಯ. ನನಗೆ ಗೊತ್ತುಂಟು. ಸಾಕು.”

ಆ ವಾಕ್ಯಕ್ಕೆಂದು ಇಟ್ಟಿದ್ದ ಜಾಗವನ್ನು ಹಾಗೆಯೇ ಬಿಟ್ಟಿದ್ದೇನೆ. ಜಯರಾಮ ಅವರು ಸಿಟ್ಟಾಗುತ್ತಾರೆ, ಆಗಲಿ. ನೀವು ಬೇಕಾದರೆ ಬಂದು ಬಾನೆಟ್ಟು ಕುಟ್ಟಿ ನೋಡಿ, ಅಕ್ಕಮ್ಮ ಒಳಗೆ ಬಿಟ್ಟರೆ. ಸದ್ಯಕ್ಕೆ ಅವರು ಮ್ಯಾಟ್ ಕತ್ತರಿಸುತ್ತಿದ್ದಾರೆ, ಎಡಗಡೆ ಬಾಗಿಲಿನ ಅಳತೆಗೆ.