ಕೆಂಪು ಕಣಜದ ಗಂಡು

ಗಾಜಿನ ನಳಿಕೆಯೊಳಗೆ ಅಕ್ಕಿನುಚ್ಚಿನಷ್ಟೇ ಇದ್ದ ಕೆಂಪು ಕಣಜವೊಂದು ಮೇಲಕ್ಕೆ ಹತ್ತುತ್ತಿತ್ತು. ನಳಿಕೆಯ ಬಾಯಿಗೆ ಒತ್ತಿದ್ದ ಹತ್ತಿಯವರೆಗೆ ಹೋಗಿ, ಅದನ್ನು ಮೀಸೆಯಿಂದ ತಟ್ಟಿ ನೋಡಿ, ಜಾರಿ ಬೀಳುತ್ತಿತ್ತು. ಮತ್ತೆ ಹತ್ತುತ್ತಿತ್ತು. ನಾನು ಕುಳಿತಿದ್ದ ಕೋಣೆಯ ಕಿಟಕಿಗಳೂ ಮುಚ್ಚಿದ್ದವು. ಗಾಳಿಗೆ ಹುಳಗಳು ಹಾರಿಹೋದಾವೆಂದು ಅಲ್ಲಿ ಕಡುಬೇಸಿಗೆಯಲ್ಲೂ ಫ್ಯಾನು ತಿರುಗುತ್ತಿರಲಿಲ್ಲ. ಸೀನು ಬಂದರೆ ಎದ್ದು ಹೊರಗೆ ಓಡಬೇಕಿತ್ತು.

ಅದು ನಮ್ಮ ಕಾಲೇಜಿನ ಕೀಟ ಸಂಗ್ರಹಾಲಯ. ಪ್ರೊಫೆಸರ್ ಅಂದಾನಪ್ಪ ಮುದೇನೂರರ ಕೈಕೆಳಗೆ ನಾನು ಸಂಶೋಧನೆಗೆ ಸೇರಿದ್ದೆ. ಕಂಬಳಿಹುಳದ ಮೈಯೊಳಗೆ ಮೊಟ್ಟೆಯಿಟ್ಟು, ತನ್ನ ಮರಿಗಳಿಗೆ ಅದನ್ನೇ ಅನ್ನ ಮಾಡುವ ಕಣಜಗಳ ಒಂದು ಕುಲಕ್ಕೆ ಅವರು ಆಯುಷ್ಯವನ್ನೇ ಕೊಟ್ಟಿದ್ದರು. ಸೊಂಟ ಎಲ್ಲಿ ಸಣ್ಣಗಾಗುತ್ತದೆ, ಮುಂದಿನ ರೆಕ್ಕೆಯ ನರ ಎಲ್ಲಿ ಮುರಿಯುತ್ತದೆ, ಮೊಟ್ಟೆಯಿಡುವ ಸೂಜಿ ಎಷ್ಟು ಉದ್ದ ಎಂಬುದನ್ನು ನೋಡಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುತ್ತಿದ್ದರು. ವಿದ್ಯಾರ್ಥಿಯಾಗಿದ್ದಾಗಲೇ ಅವರು ಕಪ್ಪು ಕಣಜವೊಂದನ್ನು ಗುರುತಿಸಿ ಹೆಸರಿಟ್ಟಿದ್ದರು. ಮದುವೆಯಾದ ವರ್ಷ ಸಿಕ್ಕ ಕೆಂಪು ಕಣಜಕ್ಕೆ ಹೆಂಡತಿ ನೀಲಗಂಗಮ್ಮನ ಹೆಸರಿಗೆ ಲ್ಯಾಟಿನ್ ಬಾಲ ಹಚ್ಚಿ ‘ನೀಲಗಂಗೇ’ ಎಂದು ಕರೆದಿದ್ದರು. ಆ ಶೋಧದಿಂದಲೇ ಅವರ ಹೆಸರು ಹೊರದೇಶಗಳಿಗೆ ತಲುಪಿತು.

ಸೂಕ್ಷ್ಮದರ್ಶಕದಡಿ ನೋಡಿ ನೋಡಿ ಚಿತ್ರ ಬರೆಯುವುದು ನನ್ನ ಕೆಲಸ. ಬರೆಯುತ್ತ ಒಂದು ಸಂಗತಿ ಕಣ್ಣಿಗೆ ಬಿತ್ತು. ಪೆಟ್ಟಿಗೆಗಳಲ್ಲಿದ್ದ ಕೆಂಪು ಕಣಜಗಳೆಲ್ಲ ಹೆಣ್ಣು, ಕಪ್ಪು ಕಣಜಗಳೆಲ್ಲ ಗಂಡು.

“ಸರ್, ಇವೆರಡೂ ಒಂದ ಜಾತಿ ಇರಬಹುದೇನ್ರಿ?” ಎಂದು ಕೇಳಿದೆ.

ಅವರು ತಲೆಯೆತ್ತಲಿಲ್ಲ. “ಅವಸರ ಮಾಡಬ್ಯಾಡ. ಕೆಂಪಿನ ಗಂಡು ಎಲ್ಲೋ ಇರತೈತಿ, ಹುಡುಕು. ಅದು ಸಿಗೂತನಕ ನಿನ್ನ ಪ್ರಬಂಧ ಅರ್ಧಾನ.”

ಹುಡುಕಿದೆ. ಬಲೆ ಹಿಡಿದು, ಆ ಕಂಬಳಿಹುಳಗಳು ಮೇಯುವ ಔಡಲ ಹೊಲಗಳಲ್ಲಿ ಬಿಸಿಲು ಕುಡಿದೆ. ವರ್ಷಗಳು ಹೋದವು. ಜೊತೆಯವರು ಪದವಿ ಪಡೆದು ಹೊರಟುಹೋದರು. ನನಗಾಗಿ ಹುದ್ದೆ ಕಾದಿಟ್ಟಿದ್ದ ಬೇರೆ ಊರಿನ ಕಾಲೇಜು ಕೊನೆಗೆ ಅದನ್ನು ಇನ್ನೊಬ್ಬರಿಗೆ ಕೊಟ್ಟಿತು. ಆ ಕುಲವನ್ನು ಬಲ್ಲವರು ಮುದೇನೂರರನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ, ಹಾಗಾಗಿ ಬೇರೆ ಗುರುವನ್ನು ಹಿಡಿಯುವಂತಿರಲಿಲ್ಲ. ಅವರು ಒಪ್ಪದೆ ನಾನು ಆ ಕೋಣೆಯಿಂದ ಏಳುವಂತಿರಲಿಲ್ಲ.

ಕಡೆಗೆ ಕಂಬಳಿಹುಳಗಳನ್ನೇ ತಂದು ಸಾಕಿದೆ. ಒಂದೇ ಹುಳದ ಮೈಯಿಂದ ಕೆಂಪೂ ಕಪ್ಪೂ ಎರಡೂ ಹೊರಬಿದ್ದವು. ಓಡಿಹೋಗಿ ತೋರಿಸಿದೆ.

“ಇಬ್ಬರು ತಾಯಂದಿರು ಒಂದ ಹುಳದಾಗ ತತ್ತಿ ಇಟ್ಟಿರಬೇಕು,” ಎಂದರು ಪ್ರೊಫೆಸರ್.

ಆ ಮಾತಿಗೆ ಉತ್ತರವಾಗಿಯೇ ನಾನು ಕೆಂಪು ಹೆಣ್ಣೊಂದನ್ನು, ಅದು ಗೂಡು ಒಡೆಯುವ ಮೊದಲೇ ಬೇರ್ಪಡಿಸಿ, ಆ ಗಾಜಿನ ನಳಿಕೆಯಲ್ಲಿಟ್ಟದ್ದು. ಈ ಕಣಜಗಳಲ್ಲಿ ಗಂಡಿನೊಡನೆ ಕೂಡದ ಹೆಣ್ಣೂ ಮೊಟ್ಟೆಯಿಡುತ್ತದೆ, ಆದರೆ ಹುಟ್ಟುವುದೆಲ್ಲ ಗಂಡೇ. ಮೊಟ್ಟೆಯಿಂದ ನಾನೇ ಸಾಕಿದ ಕಂಬಳಿಹುಳವೊಂದನ್ನು ಅದಕ್ಕೆ ಕೊಟ್ಟೆ. ಹತ್ತಿ ಇಳಿದು, ಹತ್ತಿ ಇಳಿದು ದಣಿದ ಆ ಹೆಣ್ಣು ಕಡೆಗೊಮ್ಮೆ ಹುಳದ ಬೆನ್ನಿಗೆ ಸೂಜಿ ಚುಚ್ಚಿತು. ಕೆಲವು ವಾರಗಳ ಮೇಲೆ ಮಕ್ಕಳು ಹೊರಬಂದವು. ಎಲ್ಲವೂ ಕಪ್ಪು.

ನಾನು ಹುಡುಕುತ್ತಿದ್ದ ಗಂಡು ಮೊದಲಿನಿಂದಲೂ ಪೆಟ್ಟಿಗೆಯಲ್ಲೇ ಇತ್ತು. ಒಂದೇ ಪ್ರಭೇದಕ್ಕೆ ಎರಡು ಹೆಸರು ಬಿದ್ದಿದ್ದರೆ ಮೊದಲಿಟ್ಟದ್ದು ಉಳಿಯಬೇಕು, ಅದು ನಿಯಮ. ಅಂದರೆ ಕಪ್ಪಿನ ಹೆಸರು ಉಳಿದು ‘ನೀಲಗಂಗೇ’ ಅಳಿಯಬೇಕು. ಪ್ರೊಫೆಸರರ ಎದುರು ಹೋಗಲು ಕಾಲು ಬರಲಿಲ್ಲ. ಅವರು ಸಂಗ್ರಹಾಲಯದಲ್ಲಿದ್ದ ಹೊತ್ತು ನೋಡಿ ಅವರ ಮನೆಗೆ ಹೋದೆ.

ನೀಲಗಂಗಮ್ಮ ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದರು. ಮನೆಗೆ ಬಂದವರಿಗೆಲ್ಲ, “ಹೆಸರಿಗೆ ನೀಲಿ, ಹುಳ ನೋಡಿದ್ರ ಕೆಂಪು,” ಎಂದು ನಗಿಸುತ್ತಿದ್ದ ಹೆಂಗಸು. ಹೇಗೋ ಎಲ್ಲವನ್ನೂ ಹೇಳಿ, “ನಿಮ್ಮ ಹೆಸರು ತಗೀಬೇಕಾಗತೈತ್ರಿ ಅಮ್ಮಾ,” ಎಂದೆ.

ಅವರ ಕೈ ನಿಲ್ಲಲಿಲ್ಲ. “ನೀ ಬರೂಕಿಂತ ಮೊದಲ ಅವ್ರೂ ಮನ್ಯಾಗ ಬಾಟಲ್ಯಾಗ ಹುಳ ಸಾಕಿದ್ರು. ಒಂದಿನ ಮುಂಜಾನೆದ್ದು ನೋಡಿ, ಎಲ್ಲಾ ಹಿತ್ತಲದಾಗ ಬಿಟ್ಟು ಬಂದ್ರು. ಅವತ್ತ ಊಟ ಮಾಡಲಿಲ್ಲ.”

“ಕೆಂಪು, ಕಪ್ಪು ಎರಡೂ ಇದ್ವೇನ್ರಿ?”

“ಇದ್ದುವು ಯವ್ವಾ. ನಾನ ಕಣ್ಣಾರೆ ನೋಡೀನಿ.”

ಇಲ್ಲದ ಕೆಂಪು ಗಂಡನ್ನು ಹುಡುಕೆಂದು ಅವರು ನನ್ನನ್ನು ತಿಳಿದೇ ಬಿಸಿಲಿಗೆ ಅಟ್ಟಿದ್ದರು. ಕಣ್ಣು ತುಂಬಿ ಬಂದದ್ದು ಸಿಟ್ಟಿಗೋ ದುಃಖಕ್ಕೋ ನನಗೆ ತಿಳಿಯಲಿಲ್ಲ.

“ಸಿಟ್ಟ ಮಾಡಬ್ಯಾಡ ಅನ್ನಾಕ ನನಗ ಬಾಯಿಲ್ಲ,” ಎಂದರು ನೀಲಗಂಗಮ್ಮ. “ಹೆಸರು ತಗದ್ರ ನಾ ನೊಂದ್ಕೋತೀನಿ ಅಂತ ಅವ್ರಿಗೆ ಅಂಜಿಕಿ. ಇಡಬೇಕಾದ್ರ ನನ್ನ ಕೇಳಿರಲಿಲ್ಲ, ತಗಿಯೂ ಮಾತ ಬಂದಾಗೂ ಕೇಳಲಿಲ್ಲ. ಒಮ್ಮೆ ಕೇಳಿದ್ರ ಮುಗೀತಿತ್ತು. ನೀನಾದ್ರೂ ಕೇಳಾಕ ಬಂದಿ.” ಸೊಪ್ಪನ್ನು ಬದಿಗೆ ಸರಿಸಿ ಎದ್ದರು. “ಎರಡು ತುತ್ತು ಉಣ್ಣು. ಆಮ್ಯಾಲ ನಾನೂ ಬರ್ತೀನಿ.”

ಅಷ್ಟು ವರ್ಷಗಳಲ್ಲಿ ಅವರು ಸಂಗ್ರಹಾಲಯದ ಮೆಟ್ಟಿಲು ಹತ್ತಿರಲಿಲ್ಲ. ಅವರನ್ನು ಬಾಗಿಲಲ್ಲಿ ಕಂಡ ಪ್ರೊಫೆಸರ್ ಕುರ್ಚಿಯಿಂದ ಎದ್ದೇಬಿಟ್ಟರು. ನಾನು ತಾಯಿ ಕಣಜವನ್ನೂ ಅದರ ಮಕ್ಕಳನ್ನೂ ಮೇಜಿನ ಮೇಲಿಟ್ಟೆ. ಪ್ರೊಫೆಸರ್ ಭೂತಗಾಜು ಹಿಡಿದು ಒಂದೊಂದನ್ನೂ ನೋಡಿದರು. ರೆಕ್ಕೆ ನೋಡಿದರು, ಮೀಸೆ ನೋಡಿದರು.

“ಗಂಡಿನ ಕೂಡ ಸೇರಿರಲಿಲ್ಲಂತ ಖಾತ್ರಿ ಐತೇನು?”

“ಗೂಡು ಒಡಿಯೂಕಿಂತ ಮೊದಲ ಬ್ಯಾರೆ ಇಟ್ಟಿದ್ದೆ ಸರ್.”

“ಹಂಗಾದ್ರ ಬರಿ,” ಎಂದರು. ಭೂತಗಾಜನ್ನು ಕೆಳಗಿಟ್ಟು, “ನಿನ್ನ ಹೆಸರಿಲೇ ಬರಿ. ನಾ ಬರಿಯಾಕ ಕುಂತ್ರ ಮತ್ತ ಏನರ ನೆವ ಹುಡುಕ್ತೀನಿ,” ಎಂದರು.

ಕ್ಷಮೆ ಕೇಳಲಿಲ್ಲ. ನಾನೂ ಕ್ಷಮಿಸಲಿಲ್ಲ. ಮುಂದಿನ ಮಳೆಗಾಲದ ಹೊತ್ತಿಗೆ ಪ್ರಬಂಧ ಮುಗಿದು ನಾನು ಬೇರೆ ಊರು ಸೇರಿದೆ. ಹೋದ ವರ್ಷಗಳು ಯಾರಿಂದಲೂ ಮರಳಿ ಸಿಗಲಿಲ್ಲ.

ಆದರೆ ಆ ಮಧ್ಯಾಹ್ನ ನೀಲಗಂಗಮ್ಮ ಮನೆಗೆ ಹೋಗಲು ಒಪ್ಪಲಿಲ್ಲ. “ಬಂದೀನಿ, ಹುಳ ತೋರಸ್ರಿ,” ಎಂದು ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಒಂದು ಕಣ್ಣು ಮುಚ್ಚಿ ಬಗ್ಗಿದರು.

“ಏನೂ ಕಾಣವಲ್ದು. ಬರೇ ಮಂಜು.”

ಪ್ರೊಫೆಸರ್ ಹಿಂದೆ ಬಂದು ನಿಂತರು. ಮೆಂತ್ಯದ ಹಸಿರು ಇನ್ನೂ ಹೋಗಿರದ ಹೆಂಡತಿಯ ಬೆರಳುಗಳನ್ನು ಹಿಡಿದು, ಮಂಜನ್ನು ತಿಳಿಗೊಳಿಸುವ ಪಕ್ಕದ ತಿರುಗಣೆಯ ಮೇಲಿಟ್ಟರು.

“ಹಗೂರ ತಿರುವು,” ಎಂದರು.

ನೀಲಗಂಗಮ್ಮ ತಿರುವಿದರು.