ಸೆರಗಿನ ಗಂಟಿನ ಬಿಸ್ಕೀಟು

ಶ್ರಾವಣ ಹಿಡಿದಿತ್ತು. ಕೆನಾಲಿಗೆ ನೀರು ಬಿಟ್ಟಿದ್ದರು. ಗೋಗಿಯಿಂದ ಶಹಾಪುರಕ್ಕೆ ಹೋಗುವ ರಸ್ತೆಯ ಎರಡೂ ಮಗ್ಗುಲಿಗೆ ನೆಲ್ಲು ಹಚ್ಚುವ ಕೆಲಸ ಜೋರಾಗಿ ನಡೆದಿತ್ತು. ಎಲ್ಲಿ ನೋಡಿದರೂ ಮೊಣಕಾಲ ಮಟ ಕೆಸರು, ಬಾಗಿದ ಬೆನ್ನುಗಳು. ಆ ಸಾಲಿನಲ್ಲಿ ಗೊಲ್ಲಾಳಮ್ಮನೂ ಇದ್ದಳು. ಕೈ ಸಸಿ ನೆಡುತ್ತಿತ್ತು, ಕಾಲು ಹಿಂದಹಿಂದಕ್ಕೆ ಸರಿಯುತ್ತಿತ್ತು, ಮನಸ್ಸು ಮಾತ್ರ ಮನೆಯಲ್ಲಿತ್ತು. ಮನೆಯಲ್ಲಿ ಅವಳ ಮಗ ಮಲ್ಕಪ್ಪ. ಅವನಿಗೆ ಎರಡು ತುಂಬಲಿಕ್ಕೆ ಇನ್ನೂ ದಸರಾ ಬರಬೇಕು.

ಸಂಜೆ ಹೊಲದವರು ಚಹಾ ಕಳಿಸಿದರು, ಜೊತೆಗೆ ಬಿಸ್ಕೀಟು. ಹೆಂಗಸರು ಬದುವಿನ ಮೇಲೆ ಕುಂತು ಚಹಾ ಕುಡಿದರು. ಬಿಸ್ಕೀಟನ್ನು ಯಾರೂ ಬಾಯಿಗೆ ಹಾಕಲಿಲ್ಲ. ಎಲ್ಲರೂ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡರು.

"ನಮ್ಮ ಮಲ್ಕ್ಯಾಗ," ಅಂದಳು ಪಕ್ಕದ ಮನೆಯ ಬಸ್ಸಮ್ಮ. ಓಣಿಯಲ್ಲಿ ಆ ವಯಸ್ಸಿನ ಕೂಸು ಅವನೊಬ್ಬನೇ. ಬಸ್ಸಮ್ಮನ ಮಗಳನ್ನು ಸುರಪುರದ ಕಡೆ ಕೊಟ್ಟಿತ್ತು. ಮೊಮ್ಮಕ್ಕಳ ಮುಖ ಕಾಣುವುದು ನಾಗರಪಂಚಮಿಗೊಮ್ಮೆ. ಅವಳ ಗಂಟು ಎಲ್ಲರದ್ದಕ್ಕಿಂತ ದೊಡ್ಡದಿರುತ್ತಿತ್ತು.

ಹೊಲದಿಂದ ಹೆಂಗಸರನ್ನು ಕರೆತರುವ ಟಂಟಂ ಆಟೋ ಓಣಿಗೆ ಬಂದು ನಿಂತರೆ ಸಾಕು, ಮಲ್ಕಪ್ಪ ಓಡಿಬರುತ್ತಿದ್ದ. ಒಂದು ಸೊಂಟದಿಂದ ಇನ್ನೊಂದು ಸೊಂಟಕ್ಕೆ ದಾಟುತ್ತ, ಎಲ್ಲರ ಗಂಟು ಬಿಚ್ಚಿಸುತ್ತಿದ್ದ. ಗೊಲ್ಲಾಳಮ್ಮನಿಗೂ ಅದನ್ನು ನೋಡಿದರೆ ದಿನದ ದಣಿವು ಇಳಿದಂತಾಗುತ್ತಿತ್ತು. ಆದರೆ ಕೈಕಾಲು ತೊಳೆದು, ರೊಟ್ಟಿ ಬಡಿದು, ಬ್ಯಾಳಿಯಲ್ಲಿ ಮುರಿದು ತಾಟು ಹಿಡಿದು ಬಂದಳೆಂದರೆ ಅದೇ ಕೂಸು ಅಜ್ಜಿಯ ಬೆನ್ನ ಹಿಂದೆ ಅಡಗುತ್ತಿತ್ತು.

"ಒಲ್ಲೆ!"

ಚಂದಮಾಮ, ಗುಬ್ಬಿ, ಮೊಬೈಲಿನ ಹಾಡು ಎಲ್ಲ ಆಗಿತ್ತು. ತಾಟು ಹಿಡಿದು ಓಣಿ ತುಂಬ ಅವನ ಬೆನ್ನು ಹತ್ತಿದ್ದೂ ಆಗಿತ್ತು. ಹೋದ ವಾರವಂತೂ ಮೂಗು ಹಿಡಿದು ತುತ್ತು ತುರುಕಿದಳು. ಕೂಸು ಕೆಮ್ಮಿ, ಎಲ್ಲವನ್ನೂ ಕಾರಿಕೊಂಡಿತು. ಸಿಟ್ಟಿಗೆ ಅವಳ ಕೈ ಎದ್ದು ಅವನ ತೊಡೆಯ ಮೇಲೆ ಬಿತ್ತು. ಅಂದಿನಿಂದ ತಾಯಿ ಅಡುಗೆಮನೆಯಿಂದ ಹೊರಬಂದರೆ ಸಾಕು, ಅವನು ಮೊದಲು ಅವಳ ಕೈ ನೋಡುತ್ತಿದ್ದ.

"ನೆದರಾಗ್ಯಾದ. ಹತ್ತು ಮಂದಿ ಎತ್ತಿಕೊಳ್ಳೋ ಕೂಸು," ಅನ್ನುತ್ತಿದ್ದಳು ಅತ್ತೆ ಶಂಕ್ರಮ್ಮ. ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ತಾಯತವನ್ನೂ ಕಟ್ಟಿಸಿದಳು. ತಾಟು ಕಂಡರೆ ಓಡುವುದು ಮಾತ್ರ ನಿಲ್ಲಲಿಲ್ಲ.

ಅಂಗನವಾಡಿಯಲ್ಲಿ ತೂಕ ಹಾಕುವ ದಿನ ಬಂತು. ಮುಳ್ಳು ಹೋದ ತಿಂಗಳು ನಿಂತಲ್ಲೇ ನಿಂತಿತ್ತು. ಅದಕ್ಕೂ ಹಿಂದಿನ ತಿಂಗಳು ನಿಂತದ್ದೂ ಅಲ್ಲೇ. ಟೀಚರ್ ಅನ್ವರಬಿ ಕೂಸನ್ನು ಇಳಿಸಿಕೊಂಡಳು.

"ಜ್ವರಾ, ಭೇದಿ ಏನರ ಆಗಿತ್ತೇನು ಗೊಲ್ಲಾಳಮ್ಮ?"

"ಏನಿಲ್ರಿ ಟೀಚರ್. ದವಾಖಾನಿಗೂ ತೋರ್ಸೀವಿ, ಆರಾಮದಾನ ಅಂದ್ರು. ಊಟಾನ ಮಾಡಲ್ರಿ. ಏನೂ ತಿನ್ನಲ್ಲ."

"ಏನೂ ತಿನ್ನದ ಕೂಸು ಹಿಂಗ ಜಿಗಿದಾಡ್ತದೇನು? ನೋಡು, ನನ್ನ ತಕ್ಕಡೀನ ಮುರೀಲಾಕ ಹೊಂಟಾನ."

ಗೊಲ್ಲಾಳಮ್ಮನಿಗೆ ನಗು ಬರಲಿಲ್ಲ. ಕಣ್ಣು ತುಂಬಿತು. "ಮೊದ್ಲು ತಾಟು ಕಂಡ್ರ ಓಡ್ತಿದ್ದ. ಈಗ ನನ್ನ ಕಂಡ್ರೂ ಓಡ್ತಾನ್ರಿ. ಇಡೀ ದಿನ ಕೆಸರಾಗ ಇರ್ತೀನಿ. ನನಗ ಅವ ಸಿಗೋದು ಸಂಜಿ ಒಂದೇ ಹೊತ್ತು. ಅದರಾಗೂ ನಾ ಅವನಿಗಿ ಗುಮ್ಮ ಆಗೀನಿ."

ಅನ್ವರಬಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅಳಬ್ಯಾಡ. ಇವತ್ತು ಸಂಜಿಕಿ ನಿಮ್ಮ ಓಣಿಗಿ ಬರ್ತೀನಿ. ಸುಮ್ಕ ಕುಂತು ನೋಡ್ತೀನಿ."

ಸಂಜೆ ಹೆಂಗಸರು ಹೊಲದಿಂದ ಬರುವ ಮೊದಲೇ ಅವಳು ಬಂದು ಕಟ್ಟೆಯ ಮೇಲೆ ಶಂಕ್ರಮ್ಮನ ಪಕ್ಕ ಕುಂತಳು. ಅಂದು ಕೆಲಸಕ್ಕೆ ಹೋಗದ ಗೊಲ್ಲಾಳಮ್ಮ ಅಂಗಳ ಗುಡಿಸುತ್ತಿದ್ದಳು. ಶಂಕ್ರಮ್ಮ ಬಶಿಯಲ್ಲಿ ಚಹಾ ಆರಿಸಿ ಮೊಮ್ಮಗನ ಬಾಯಿಗೆ ಹಿಡಿದಳು.

"ಕುಡೀರಿ ಮುತ್ಯಾ."

ಕೂಸಿಗೆ ತೀರಿಹೋದ ಅಜ್ಜನ ಹೆಸರಿಟ್ಟಿದ್ದರು. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಶಂಕ್ರಮ್ಮ ಮೊಮ್ಮಗನನ್ನು ಮುತ್ಯಾ, ಅಂದರೆ ಅಜ್ಜ, ಎಂದೇ ಕರೆಯುತ್ತಿದ್ದಳು, ಅದೂ ಬಹುವಚನದಲ್ಲಿ.

"ಆಯಿ, ಮುತ್ಯಾಗ ದಿನಾ ಎಷ್ಟು ಸಲ ಚಹಾ?" ಕೇಳಿದಳು ಅನ್ವರಬಿ.

"ನಾ ಕುಡಿದಾಗೆಲ್ಲ ಕುಡೀತಾರ. ಇವರ ಅಜ್ಜಗ ಚಹಾ ಅಂದ್ರ ಪ್ರಾಣ ಇತ್ತವಾ. ಬಶಿ ತೋರ್ಸಿ ಕೇಳಿದ್ರ ಇಲ್ಲಂತ ಹ್ಯಾಂಗ ಅನ್ನಲಿ? ಅವರಿದ್ದಾಗ ಒಂದಿನ ಇಲ್ಲ ಅಂದಾಕಿ ಅಲ್ಲ ನಾ."

ಅಷ್ಟರಲ್ಲಿ ಟಂಟಂ ಬಂತು. ಮಲ್ಕಪ್ಪ ಓಡಿದ. ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅಂಗಿಯ ಉಡಿಯಲ್ಲಿ ಬಿಸ್ಕೀಟು ತುಂಬಿಕೊಂಡು, ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಅವನು ಕಟ್ಟೆಗೆ ಬಂದ. ಅನ್ವರಬಿ ಅವನನ್ನು ಮುದ್ದಿಸಿ, ಉಡಿಯಲ್ಲಿದ್ದುದನ್ನು ಒಂದು ತಾಟಿಗೆ ಸುರುವಿಸಿಕೊಂಡಳು. ಕೂಸಿನ ಮುಷ್ಟಿ ಹಿಡಿದು ತಾಟಿನ ಪಕ್ಕಕ್ಕಿಟ್ಟಳು.

"ಇದರ ಹೊಟ್ಟಿ ಹೆಚ್ಚುಕಡಿಮಿ ಈ ಮುಟಗಿಯಷ್ಟು. ಚಹಾ ಆತು, ಇಷ್ಟು ಬಿಸ್ಕೀಟು ಆತು. ಇನ್ನ ರೊಟ್ಟಿ ಎಲ್ಲಿ ಕುಂದ್ರಬೇಕು? ಕೂಸಿಗಿ ಹಸಿವಿಲ್ಲ ಅಂತೀರಿ. ಹಸಿವಾಗಾಕ ನಾವು ಬಿಟ್ಟೀವೇನು?"

ಗೊಲ್ಲಾಳಮ್ಮ ಕಸಬರಿಗೆ ಕೈಯಲ್ಲೇ ಹಿಡಿದು ನಿಂತಳು. ದಿನಾ ಕಣ್ಣೆದುರು ನಡೆದದ್ದು. ಒಬ್ಬೊಬ್ಬರ ಕೈಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬರುತ್ತಿದ್ದರಿಂದ ಅಷ್ಟಾಗುತ್ತದೆಂದು ಹೊಳೆದೇ ಇರಲಿಲ್ಲ.

ಬಸ್ಸಮ್ಮನ ಮುಖ ಸಣ್ಣದಾಯಿತು. "ಅಂದ್ರ, ನಾ ಬಾಯಿ ಕಟ್ಟಿ ತಂದದ್ದು ಕೂಸಿಗಿ ವಿಷಾ ಆತಾ?"

"ವಿಷಾ ಅಲ್ಲ ಬಸ್ಸಮ್ಮ. ಪ್ರೀತಿ ತಂದಿ. ಆದ್ರ ಊಟದ ಜಾಗಾಕ್ಕ ಬಂದು ಕುಂತಿತು. ಈ ಬಿಸ್ಕೀಟ್ನಾಗ ಸಕ್ರಿ, ಮೈದಾ ಬಿಟ್ರ ಬಹಳೇನಿಲ್ಲ. ಹೊಟ್ಟಿ ತುಂಬ್ತದ, ಮೈ ತುಂಬಲ್ಲ. ಚಹಾ ಅಂತೂ ಊಟದ ಕಸುವು ರಕ್ತಕ್ಕ ಹತ್ತಗೊಡಲ್ಲ. ಮುಂಜಾನಿಯಿಂದ ಬಗ್ಗಿದಾಕಿ ನೀ. ಆ ಬಿಸ್ಕೀಟು ಬಂದದ್ದು ನಿನ್ನ ಹೊಟ್ಟಿಗಿ. ನೀ ತಿನ್ನು."

"ಮತ್ತ ಅವನಿಗಿ ಏನು ತರಲಿ? ಬರಿಗೈಲೆ ಬರಲಾ?"

"ನಿನ್ನ ರೊಟ್ಟಿ ತಾಟು ತಗೊಂಡು ಬಾ. ಇಲ್ಲೇ ಕುಂತು ಉಣ್ಣು. ಮಂದಿ ಉಣ್ಣೋದು ನೋಡಿ ಕೂಸು ಉಣ್ಣೋದು ಕಲೀತದ."

ಶಂಕ್ರಮ್ಮ ಒಪ್ಪಲಿಲ್ಲ. "ನಾವೇನು ಮಕ್ಕಳು ಸಾಕಿಲ್ಲೇನು? ತೂಕ ಯಾರು ಹಾಕಿದ್ರು ಆವಾಗ?"

"ಸಾಕೀರಿ ಆಯಿ. ಆವಾಗ ಓಣ್ಯಾಗ ಬಿಸ್ಕೀಟು ಎಷ್ಟಿತ್ತು ಹೇಳ್ರಿ?"

ಮುದುಕಿ ಕೈಯಲ್ಲಿದ್ದ ಬಶಿಯನ್ನು ಕೆಳಗಿಟ್ಟಳು. "ಜಾತ್ರಿಗೊಮ್ಮಿ ಕಾಣ್ತಿದ್ವಿ," ಅಂದಳು.

ಅನ್ವರಬಿ ಗೊಲ್ಲಾಳಮ್ಮನ ಕಡೆ ತಿರುಗಿದಳು. "ನೋಡು ತಂಗಿ, ಏನು ಕೊಡಬೇಕು, ಯಾವಾಗ ಕೊಡಬೇಕು, ಅದು ನಿನ್ನ ಕೆಲಸ. ಎಷ್ಟು ಉಣ್ಣಬೇಕು, ಅದು ಅವನ ಕೆಲಸ. ಅವನಿಗೊಂದು ಸಣ್ಣ ತಾಟು ಬ್ಯಾರೆ ಇಡು. ರೊಟ್ಟಿ ಬ್ಯಾಳ್ಯಾಗ ನೆನಸು, ಜರಾ ಎಣ್ಣಿನೋ ತುಪ್ಪನೋ ಹಾಕು. ಶೇಂಗಾ ಇಡೀ ಕೊಡಬ್ಯಾಡ, ಗಂಟಲಾಗ ಸಿಗ್ತದ. ನುಣ್ಣಗ ಕುಟ್ಟಿ ಖಾರ ಇಲ್ಲದ ಹಿಂಡಿ ಮಾಡಿ ಕಲಸು. ತತ್ತಿ ಕುದಿಸಿ ಕೊಡು. ಎದಿಹಾಲು ಬಿಡಿಸಬ್ಯಾಡ. ಹಗಲೆಲ್ಲ ಬಾಯಾಡಿಸೋದು ಬ್ಯಾಡ. ಹೊತ್ತಿಗಿ ಸರಿಯಾಗಿ ಊಟ, ನಡುವ ಹಸಿವಾದ್ರ ಬಾಳಿಹಣ್ಣು, ಮೊಸರು. ಊಟಕ್ಕ ಮುಂಚಿ ಎರಡು ತಾಸು ಏನೂ ಬ್ಯಾಡ, ನೀರು ಅಷ್ಟೇ. ಬೆನ್ನ ಹತ್ತಬ್ಯಾಡ. ತುರುಕಬ್ಯಾಡ. ಹೊಡೀಬ್ಯಾಡ."

"ಉಪಾಸ ಮಲಗಿದ್ರ?" ಶಂಕ್ರಮ್ಮ ಮೊಮ್ಮಗನನ್ನು ತೊಡೆಗೆ ಎಳೆದುಕೊಂಡಳು.

"ಆಡೋ ಕೂಸು ಒಂದು ಹೊತ್ತು ಬಿಟ್ರ ಮುಂದಿನ ಹೊತ್ತಿಗಿ ಕೇಳ್ತದ ಆಯಿ. ಮಂಕಾದ್ರ, ಜ್ವರಾ ಬಂದ್ರ, ಕುಡಿಯೋದೂ ಬಿಟ್ರ ತಡಾ ಮಾಡಬ್ಯಾಡ್ರಿ, ದವಾಖಾನಿಗಿ ಹೋಗ್ರಿ."

ಮೊದಲ ಸಂಜೆ ಓಣಿಯೇ ಅತ್ತಂತಾಯಿತು. ಮಲ್ಕಪ್ಪ ಖಾಲಿ ಸೆರಗುಗಳನ್ನು ಹಿಡಿದು ಜಗ್ಗಿದ, ನೆಲಕ್ಕೆ ಬಿದ್ದು ಹೊರಳಿದ. ಬಸ್ಸಮ್ಮ ಕಣ್ಣೊರೆಸಿಕೊಂಡು ತನ್ನ ಮನೆಯ ಬಾಗಿಲು ಹಾಕಿಕೊಂಡಳು. ಶಂಕ್ರಮ್ಮನ ಪಾಡು ಇನ್ನೊಂದು ತರಹ. ಅವಳು ಹಿತ್ತಲಿಗೆ ಹೋಗಿ, ಗೋಡೆಯ ಮರೆಯಲ್ಲಿ ಕುಂತು ಚಹಾ ಕುಡಿದಳು.

"ಯಾಕತ್ತಿ, ಅಲ್ಲಿ ಕುಂತೀರಿ?"

"ಸುಮ್ಕಿರು. ಅವರಿದ್ದಾಗ್ಲೂ ಹಿಂಗ ಕದ್ದು ಕುಡಿದಿಲ್ಲ ನಾ!"

ಒಂದೆರಡು ದಿನ ಅವನು ತಾಟಿನ ಕಡೆ ಹೊರಳಿಯೂ ನೋಡಲಿಲ್ಲ. ಗೊಲ್ಲಾಳಮ್ಮ ಅವನ ಸಣ್ಣ ತಾಟನ್ನು ಇಟ್ಟು, ಹೊತ್ತಾದ ಮೇಲೆ ಮಾತಾಡದೆ ಎತ್ತಿದಳು. ಮಿಲ್ಲಿನ ಕೆಲಸ ಮುಗಿಸಿ ಬಂದ ಗಂಡ ದ್ಯಾವಪ್ಪ, "ಇರ್ಲಿ, ಇನ್ನೊಂದಿಷ್ಟು ದಿನ ನೋಡಮು," ಅಂದದ್ದೇ ಧೈರ್ಯ.

ಆಮೇಲೊಂದು ಸಂಜೆ ಅಂಗಳದಲ್ಲಿ ಎಲ್ಲರೂ ದುಂಡಗೆ ಕುಂತು ಉಣ್ಣುತ್ತಿದ್ದರು. ಬಸ್ಸಮ್ಮ ಅಂದು ಕೆಸರಿನಲ್ಲಿ ಬಿದ್ದಿದ್ದಳು. "ಬಿದ್ದಿಲ್ಲ, ಭೂಮ್ತಾಯಿಗಿ ನಮಸ್ಕಾರ ಮಾಡೀನಿ," ಎಂದು ಹೇಳುತ್ತ ಎಲ್ಲರನ್ನೂ ನಗಿಸುತ್ತಿದ್ದಳು. ಮಲ್ಕಪ್ಪನ ಕಡೆ ಯಾರ ಕಣ್ಣೂ ಇರಲಿಲ್ಲ. ನಗು ಕೇಳಿ ಅವನು ಹತ್ತಿರ ಬಂದ. ತಾಯಿಯ ಕೈ ನೋಡಿದ. ಆ ಕೈ ಅವಳ ಬಾಯಿಗೇ ಹೋಗುತ್ತಿತ್ತು. ಕುಕ್ಕರುಗಾಲಲ್ಲಿ ಕುಂತು, ಅವಳ ತಾಟಿಗೆ ಕೈ ಹಾಕಿ, ಬ್ಯಾಳಿಯಲ್ಲಿ ನೆನೆದ ರೊಟ್ಟಿಯ ಚೂರು ತೆಗೆದು ಬಾಯಿಗಿಟ್ಟುಕೊಂಡ.

ಗೊಲ್ಲಾಳಮ್ಮ ಅವನತ್ತ ತಿರುಗಿದಳು. ಬಸ್ಸಮ್ಮ ಅವಳ ತೊಡೆ ಚಿವುಟಿದಳು. "ನೋಡಬ್ಯಾಡ. ನಿನ್ನಷ್ಟಕ್ಕ ನೀ ಉಣ್ಣು."

ಅರ್ಧ ಬಾಯಿಗೆ, ಅರ್ಧ ನೆಲಕ್ಕೆ. ನಾಲ್ಕು ತುತ್ತು ತಿಂದು ಅವನು ಎದ್ದ. ಇನ್ನೊಂದು ತುತ್ತು ಎಂದು ಅವಳ ಕೈ ತಾನೇ ಮೇಲೆದ್ದಿತು. ಅವನು ಅಲ್ಲೇ ನಿಂತು ಆ ಕೈಯನ್ನು ನೋಡಿದ. ಅವಳು ತುತ್ತನ್ನು ತಾಟಿಗಿಟ್ಟಳು.

"ಸಾಕಾತಾ ಅಪ್ಪಾ? ಹೋಗು, ಆಡು."

ಅವನು ಹೋಗಲಿಲ್ಲ. ತಿರುಗಿ ಬಂದು, ಅವಳ ಮೊಣಕಾಲಿಗೆ ಬೆನ್ನು ಆನಿಸಿ ಕುಂತ. ಮತ್ತೆ ತಾಟಿಗೆ ಕೈ ಹಾಕಿದ. ಅವನ ಬೆಚ್ಚನೆಯ ಬೆನ್ನು ತಾಗಿದಲ್ಲಿ ಗೊಲ್ಲಾಳಮ್ಮ ಕಾಲು ಅಲುಗಿಸದೆ ಕುಂತಳು. ಜೋಮು ಹಿಡಿದರೂ ಅಲುಗಿಸಲಿಲ್ಲ.

ಎಲ್ಲ ದಿನವೂ ಹಾಗೆಯೇ ನಡೆಯಿತೆಂದಲ್ಲ. ಪುಂಡಿಸೊಪ್ಪಿನ ಪಲ್ಯ ಉಗುಳಿದ, ಮತ್ತೆ ಮತ್ತೆ ಸ್ವಲ್ಪ ಸ್ವಲ್ಪ ಇಟ್ಟ ಮೇಲೆ ನೆಕ್ಕಿದ. ಮುಂದಿನ ತೂಕದ ದಿನ ಮುಳ್ಳು ನಿಂತ ಜಾಗ ಬಿಟ್ಟು ಮುಂದೆ ಸರಿದಿತ್ತು. ಗೊಲ್ಲಾಳಮ್ಮ ಹೊಲಕ್ಕೆ ಬರುವಷ್ಟರಲ್ಲಿ ಹೊತ್ತು ಏರಿತ್ತು. ಅವಳ ಪಾಲಿನ ಸಾಲನ್ನೂ ಬಸ್ಸಮ್ಮ ಹಚ್ಚಿ ಮುಗಿಸಿದ್ದಳು.

"ಮುಳ್ಳು ಸರಿದಾದ ಅಕ್ಕಾ! ನಿನ್ನದೊಂದು ಹೊತ್ತಿನ ಕೆಲಸ ನನ್ನ ಮ್ಯಾಲ ಬಾಕಿ ಆತು. ನಾಳಿ ತೀರಸ್ತೀನಿ."

"ತೀರಸೋದು ಬ್ಯಾಡ! ಆ ಸಾಲ ಹಂಗೇ ಇರಲಿ. ರಾತ್ರಿ ಉಣ್ಣೋವಾಗ ಅವನ ಮಗ್ಗಲಕ್ಕ ನನಗಿಷ್ಟು ಜಾಗಾ ಬಿಡು, ಸಾಕು."

ಅವ್ವಂದಿರೇ, ಆಯಿಗಳೇ, ಓಣಿಯ ಅಕ್ಕತಂಗಿಯರೇ, ನಿಮ್ಮ ಮನೆಯ ಕೂಸು ತಾಟು ಕಂಡು ಓಡುತ್ತಿದ್ದರೆ ಅದನ್ನು ಬೈಯುವ ಮೊದಲು, ಬೆಳಗಿನಿಂದ ಅದರ ಬಾಯಿಗೆ ಏನೇನು ಹೋಗಿದೆ, ಯಾರ್ಯಾರ ಕೈಯಿಂದ ಹೋಗಿದೆ ಎಂದು ಒಮ್ಮೆ ಕುಂತು ನೋಡಿರಿ. ಚಹಾ, ಬಿಸ್ಕೀಟು, ಪಾಕೀಟಿನ ತಿಂಡಿ ಬಿಡಿಸಿರಿ. ಹಸಿವಾಗಲು ಬಿಡಿರಿ. ಕೂಡಿ ಕುಂತು ಉಣ್ಣಿರಿ. ಸಾಕು ಅಂದರೆ ಸಾಕು ಅನ್ನಿರಿ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಹಾಕಿಸಿರಿ. ತೂಕ ಏರದಿದ್ದರೆ ಟೀಚರಿಗೆ ಹೇಳಿರಿ, ದವಾಖಾನೆಗೆ ತೋರಿಸಿರಿ. ಇವತ್ತು ಸಂಜೆ ಉಣ್ಣಲು ಕುಂತಾಗ ನಿಮ್ಮ ತಾಟಿನ ಪಕ್ಕ ಒಂದು ಸಣ್ಣ ತಾಟು ಇಡಿರಿ. ಇಟ್ಟು, ಮೊದಲ ತುತ್ತು ನೀವು ಉಣ್ಣಿರಿ.